ಶಹಾಬಾದ್ ಕಲ್ಲಿನ ತೊಟ್ಟಿಯಲ್ಲಿ ಅಂಟಾರ್ಕ್ಟಿಕದ ಅಂಚು: ಹಿಮ ನೆಲ ಬಿಡುವ ಗೆರೆಯನ್ನು ಅಳೆಯುವ ಮಾದರಿ

ಅಂಟಾರ್ಕ್ಟಿಕದ ಹಿಮಹಾಸು ಒಳನಾಡಿನಿಂದ ಕಡಲಿನ ಕಡೆಗೆ ಬಹಳ ನಿಧಾನವಾಗಿ ಹರಿದು ಬರುತ್ತದೆ. ತಳದ ಬಂಡೆಯ ಮೇಲೆ ತನ್ನ ಭಾರವನ್ನೆಲ್ಲ ಊರಿಕೊಂಡು ಬಂದ ಆ ಹಿಮ ಒಂದು ಕಡೆ ನೆಲವನ್ನು ಬಿಟ್ಟು ನೀರಿನ ಮೇಲೆ ತೇಲಲು ತೊಡಗುತ್ತದೆ. ಅಲ್ಲಿಂದ ಮುಂದಕ್ಕೆ ತೇಲುವ ಭಾಗವೇ ಹಿಮಚಾಚು, ಅಂದರೆ ಐಸ್ ಶೆಲ್ಫ್. ನೆಲ ಬಿಡುವ ಆ ಗೆರೆಯನ್ನು ಗ್ರೌಂಡಿಂಗ್ ಲೈನ್ ಎಂದು ಕರೆಯುತ್ತಾರೆ. ಅದು ನೂರಾರು ಮೀಟರ್ ದಪ್ಪದ ಹಿಮದ ಅಡಿಯಲ್ಲಿ ಅಡಗಿರುವುದರಿಂದ ಮೇಲೆ ನಿಂತವರ ಕಣ್ಣಿಗೆ ಬೀಳುವುದಿಲ್ಲ. ಅದನ್ನು ಹಿಡಿದುಕೊಡುವುದು ಕಡಲಿನ ಉಬ್ಬರವಿಳಿತ. ಉಬ್ಬರ ಬಂದಾಗ ತೇಲುವ ಭಾಗ ಏರುತ್ತದೆ, ಊರಿದ ಭಾಗ ಏರುವುದಿಲ್ಲ, ಇವೆರಡರ ನಡುವಿನ ಹಿಮ ಬಾಗದೆ ಬೇರೆ ದಾರಿಯಿಲ್ಲ. ಆ ಬಾಗನ್ನು ಎರಡು ಬೇರೆ ಬೇರೆ ಹೊತ್ತಿನಲ್ಲಿ ಅಳೆದು, ಒಂದರಿಂದ ಇನ್ನೊಂದನ್ನು ಕಳೆದರೆ ಗೆರೆ ಎಲ್ಲಿದೆ ಎಂಬುದು ತಿಳಿಯುತ್ತದೆ.

ಪದವಿ ತರಗತಿಯ ಭೌತಶಾಸ್ತ್ರ ವಿದ್ಯಾರ್ಥಿಗಳಿಗೆ ಇದನ್ನು ಕರಿಹಲಗೆಯ ಮೇಲೆ ಹೇಳಿದರೆ ಸಮೀಕರಣ ಉಳಿಯುತ್ತದೆ, ವಿಷಯ ಜಾರಿಹೋಗುತ್ತದೆ. ಆದ್ದರಿಂದ ಉಬ್ಬರ, ಬಾಗು, ಅಳತೆ ಮೂರನ್ನೂ ಕೈಯಾರೆ ಮಾಡಬಹುದಾದ ಒಂದು ತೊಟ್ಟಿಯನ್ನು ಕಟ್ಟಿದೆವು. ಕಲಬುರಗಿಯಲ್ಲಿ ಕಡಲೂ ಇಲ್ಲ, ಹಿಮವೂ ಇಲ್ಲ. ಆದರೆ ಸಪಾಟಾಗಿ ಸೀಳಿದ ಶಹಾಬಾದ್ ಕಲ್ಲಿಗೆ ಬರವಿಲ್ಲ. ಮನೆಯ ನೆಲಕ್ಕೆ ಹಾಸುವ ಆ ಪರಸಿಯಷ್ಟು ಸಮತಟ್ಟಾದ, ಅಗ್ಗದ, ನೀರಿನಲ್ಲಿ ಡೊಂಕಾಗದ ವಸ್ತು ಈ ಊರಿನಲ್ಲಿ ಇನ್ನೊಂದಿಲ್ಲ. ಅದೇ ನಮ್ಮ ಬಂಡೆಯಾಯಿತು.

ತೊಟ್ಟಿ

ಒಳ ಅಳತೆ 1.7 ಮೀಟರ್ ಉದ್ದ, 40 ಸೆಂಟಿಮೀಟರ್ ಅಗಲ, 20 ಸೆಂಟಿಮೀಟರ್ ಎತ್ತರ. ತಳಕ್ಕೆ ಮತ್ತು ಮೂರು ಬದಿಗಳಿಗೆ 25 ಮಿಲಿಮೀಟರ್ ದಪ್ಪದ ಪರಸಿ. ನಾಲ್ಕನೆಯ ಬದಿಗೆ, ಒಳಗಿನದು ಕಾಣಲೆಂದು, 8 ಮಿಲಿಮೀಟರ್ ಗಾಜು. ಕಲ್ಲಿನ ಸಂದುಗಳನ್ನು ಗೌಂಡಿಯವರು ಸಿಮೆಂಟಿನಿಂದ ಮುಚ್ಚಿ, ಅದು ಒಣಗಿದ ಮೇಲೆ ಒಳಗಿನಿಂದ ಸಿಲಿಕೋನ್ ಎಳೆದರು. ಗಾಜು ಕಲ್ಲನ್ನು ಮುಟ್ಟುವ ಕಡೆ ಮಾತ್ರ ಸಿಮೆಂಟನ್ನು ಬಳಸದೆ ಬರೀ ಸಿಲಿಕೋನನ್ನೇ ತುಂಬಿಸಿದೆವು, ಏಕೆಂದರೆ ಬಿಸಿಲಿಗೆ ಕಲ್ಲೂ ಗಾಜೂ ಒಂದೇ ಪ್ರಮಾಣದಲ್ಲಿ ಹಿಗ್ಗುವುದಿಲ್ಲ, ನಡುವೆ ಸ್ವಲ್ಪ ಮೆತ್ತಗಿನದೇನಾದರೂ ಇರಬೇಕು. "ಸರ, ಇದರಾಗ ಮೀನ ಬಿಡ್ತೀರೇನ್ರಿ?" ಎಂದು ಗೌಂಡಿ ಕೇಳಿದರು. ಉಬ್ಬರ ಬಿಡುತ್ತೇವೆ ಎಂದದ್ದು ಅವರಿಗೆ ಅಷ್ಟೇನೂ ಸಮಾಧಾನ ತಂದಂತೆ ಕಾಣಲಿಲ್ಲ. ಖಾಲಿ ತೊಟ್ಟಿಯೇ ಸುಮಾರು 90 ಕಿಲೋ ತೂಗುತ್ತದೆ, ನೀರು ತುಂಬಿದರೆ ಇನ್ನೂ ಹೆಚ್ಚು; ಆದ್ದರಿಂದ ಇದನ್ನು ಮೇಜಿನ ಮೇಲಾಗಲಿ ಮಾಳಿಗೆಯ ಮೇಲಾಗಲಿ ಇಡುವ ಯೋಚನೆಯನ್ನು ಬಿಟ್ಟು, ಪ್ರಯೋಗಾಲಯದ ಹಿಂದಿನ ಪಡಸಾಲೆಯ ನೆಲದ ಮೇಲೆ ಉದ್ದವು ಉತ್ತರ-ದಕ್ಷಿಣವಾಗುವಂತೆ ಕೂರಿಸಿದೆವು. ದಿಕ್ಕಿನ ಕಾರಣ ಮುಂದೆ ಬರುತ್ತದೆ.

ತೊಟ್ಟಿಯ ಒಂದು ತುದಿಯಲ್ಲಿ 35 ಸೆಂಟಿಮೀಟರ್ ಉದ್ದಕ್ಕೆ ಪರಸಿಯ ತುಂಡುಗಳನ್ನು ಒಂದರ ಮೇಲೊಂದು ಪೇರಿಸಿ ಕಟ್ಟಿದ ದಿಬ್ಬವೇ 'ಭೂಮಿ'. ಅದರ ಮೇಲ್ಮೈ ಸರಿಯಾಗಿ ನೀರಿನ ಮಟ್ಟಕ್ಕೆ ಬರಬೇಕು. ಹಿಮದ ಬದಲಿಗೆ 2 ಮಿಲಿಮೀಟರ್ ದಪ್ಪದ ಬಿಳಿ ಪಾಲಿಪ್ರೊಪಿಲಿನ್ ಹಾಳೆ. ಇದನ್ನು ಆರಿಸಿದ್ದಕ್ಕೆ ಎರಡು ಕಾರಣಗಳಿದ್ದವು. ಇದರ ಸಾಂದ್ರತೆ ನೀರಿನ 0.9ರಷ್ಟು, ಹಿಮದ ಸಾಂದ್ರತೆ ಘನಮೀಟರಿಗೆ 917 ಕಿಲೋ, ಕಡಲ ನೀರಿನದು ಸುಮಾರು 1,028 ಕಿಲೋ ಆದ್ದರಿಂದ ಅಲ್ಲಿಯೂ ಅನುಪಾತ ಹೆಚ್ಚುಕಡಿಮೆ ಅಷ್ಟೇ. ಇನ್ನೊಂದು ಕಾರಣ ಬಾಗಿನ ಉದ್ದ. ನೀರಿನ ಮೇಲೆ ತೇಲುವ ಹಾಳೆಯನ್ನು ಒಂದು ಕಡೆ ಬಿಗಿಹಿಡಿದು ನೀರನ್ನು ಏರಿಸಿದರೆ, ಅದು ಎಷ್ಟು ದೂರದವರೆಗೆ ಬಾಗುತ್ತದೆ ಎಂಬುದನ್ನು ಹಾಳೆಯ ಬಿಗಿತ ಮತ್ತು ನೀರಿನ ಒತ್ತು ಎರಡೂ ಸೇರಿ ತೀರ್ಮಾನಿಸುತ್ತವೆ: ವಸ್ತುವಿನ ಬಿಗಿತವನ್ನು ಹೇಳುವ ಯಂಗ್ ಗುಣಾಂಕವನ್ನು ದಪ್ಪದ ಘನದಿಂದ ಗುಣಿಸಿ, ನೀರಿನ ಸಾಂದ್ರತೆ ಮತ್ತು ಗುರುತ್ವದ ಗುಣಲಬ್ಧದ ಮೂರರಷ್ಟರಿಂದ ಭಾಗಿಸಿ, ಪ್ವಾಸೋನ್ ಅನುಪಾತದ (ಎಳೆದಾಗ ವಸ್ತು ಅಡ್ಡಕ್ಕೆ ಎಷ್ಟು ಕುಗ್ಗುತ್ತದೆಂಬ ಅಳತೆಯ) ಸಣ್ಣ ತಿದ್ದುಪಡಿಯನ್ನು ಸೇರಿಸಿ, ನಾಲ್ಕನೆಯ ಮೂಲ ತೆಗೆದರೆ ಒಂದು ಉದ್ದ ಸಿಗುತ್ತದೆ. ನಮ್ಮ ಹಾಳೆಗೆ ಅದು 14.4 ಸೆಂಟಿಮೀಟರ್. ಹಾಳೆ ಉಬ್ಬರದ ಪೂರ್ತಿ ಎತ್ತರವನ್ನು ಮೊದಲ ಬಾರಿ ಮುಟ್ಟುವುದು ಇದರ 2.36 ಪಟ್ಟು ದೂರದಲ್ಲಿ, ಅಂದರೆ 34 ಸೆಂಟಿಮೀಟರಿನಲ್ಲಿ. ಅಷ್ಟಕ್ಕೇ ನಿಲ್ಲದೆ ಅದು ಸ್ವಲ್ಪ ಮೇಲಕ್ಕೇ ಉಬ್ಬಿ, 45 ಸೆಂಟಿಮೀಟರಿನಲ್ಲಿ ಉಬ್ಬರಕ್ಕಿಂತ ಶೇಕಡ 4ರಷ್ಟು ಎತ್ತರಕ್ಕೆ ಹೋಗಿ, ಆಮೇಲೆ ಸಮಕ್ಕೆ ಇಳಿಯುತ್ತದೆ. ತೊಟ್ಟಿಯಲ್ಲಿ ಇದೆಲ್ಲ ಹಿಡಿಸುತ್ತದೆ.

ಇದೇ ಲೆಕ್ಕವನ್ನು 500 ಮೀಟರ್ ದಪ್ಪದ ಹಿಮಕ್ಕೆ ಹಾಕಿದರೆ ಮೂಲ ಉದ್ದ 1.4 ಕಿಲೋಮೀಟರ್, ಉಬ್ಬರವನ್ನು ಮುಟ್ಟುವ ದೂರ 3.3 ಕಿಲೋಮೀಟರ್ ಆಗುತ್ತದೆ. ನಕಾಶೆಯಲ್ಲಿ ಒಂದು ಗೆರೆಯಾಗಿ ಎಳೆಯುವುದು ನಿಜದಲ್ಲಿ ಹಲವು ಕಿಲೋಮೀಟರ್ ಅಗಲದ ಪಟ್ಟಿ. ಆ ಪಟ್ಟಿಯ ಒಳನಾಡಿನ ಕಡೆಯ ಅಂಚನ್ನು, ಉಬ್ಬರದ ಬಾಗು ಶುರುವಾಗುವ ಬಿಂದುವನ್ನು, ಎಫ್ ಎಂದೂ, ಹಿಮ ನಿಜವಾಗಿ ನೆಲ ಬಿಡುವ ಬಿಂದುವನ್ನು ಜಿ ಎಂದೂ, ಪೂರ್ತಿ ಸ್ವತಂತ್ರವಾಗಿ ತೇಲುವ ಬಿಂದುವನ್ನು ಎಚ್ ಎಂದೂ ಗುರುತಿಸುವ ರೂಢಿಯಿದೆ. ಉಪಗ್ರಹ ನೇರವಾಗಿ ಅಳೆಯುವುದು ಎಫ್ ಮತ್ತು ಎಚ್‌ಗಳನ್ನು. ಜಿ ಅವೆರಡರ ನಡುವೆ, ಎಫ್‌ಗೆ ಹತ್ತಿರವಾಗಿ ಇರುತ್ತದೆ; ಬಹಳಷ್ಟು ನಕಾಶೆಗಳು ಎಫ್ ಅನ್ನೇ ಜಿ ಎಂದು ಇಟ್ಟುಕೊಂಡು ಮುಂದೆ ಹೋಗುತ್ತವೆ. ಅದು ಒಪ್ಪತಕ್ಕ ಹೊಂದಾಣಿಕೆಯೇ ಸರಿ, ಆದರೆ ಹೊಂದಾಣಿಕೆ ಎಂಬುದು ನೆನಪಿನಲ್ಲಿರಬೇಕು.

ನೀರು ಮೇಲೆ ಹತ್ತದಂತೆ

ಈ ಮಾದರಿಯಲ್ಲಿ ನಿಜವಾದ ತಲೆನೋವು ಹಾಳೆಯ ತೆಳುವಿನಿಂದಲೇ ಬರುತ್ತದೆ. 2 ಮಿಲಿಮೀಟರಿನ ಹಾಳೆ ನೀರಿನಿಂದ ಮೇಲೆ ಕಾಣುವುದು ಬರೀ 0.2 ಮಿಲಿಮೀಟರ್. ಉಬ್ಬರವನ್ನು 8 ಮಿಲಿಮೀಟರ್ ಏರಿಸಿದರೆ, ಕಲ್ಲಿಗೆ ಬಿಗಿದ ಕಡೆ ಹಾಳೆ ಏರಲಾರದು, ನೀರು ಏರುತ್ತದೆ, ಆಗ ಬದಿಗಳಿಂದ ನೀರು ಹಾಳೆಯ ಮೇಲೆ ನುಗ್ಗಿ ಕೆಳಗಿನಿಂದ ಬರುವ ಒತ್ತನ್ನು ಅಳಿಸಿಹಾಕುತ್ತದೆ. ಲೆಕ್ಕದ ತಳಹದಿಯೇ ಕಳಚಿದಂತೆ. ಅಂಟಾರ್ಕ್ಟಿಕದಲ್ಲಿ ಈ ತೊಂದರೆ ಇಲ್ಲ. 500 ಮೀಟರ್ ಹಿಮ ನೀರಿನಿಂದ 50 ಮೀಟರಿಗೂ ಹೆಚ್ಚು ಎತ್ತರಕ್ಕೆ ನಿಂತಿರುತ್ತದೆ, ಒಂದೆರಡು ಮೀಟರಿನ ಉಬ್ಬರ ಅದಕ್ಕೆ ಲೆಕ್ಕಕ್ಕಿಲ್ಲ.

ಹಾಳೆಯ ಸುತ್ತ ಗೋಡೆಯಂತೆ ಅಂಚು ಕಟ್ಟಿದರೆ ನೀರು ನಿಲ್ಲುತ್ತದೆ, ಆದರೆ ಆ ಅಂಚೇ ತೊಲೆಯಾಗಿ ನಿಂತು ಹಾಳೆಯನ್ನು ಬಿಗಿ ಮಾಡುತ್ತದೆ. ಸಾಬೂನು ನೀರಿನ ಸಲಹೆಯೂ ಬಂತು: ಹಾಳೆಯಡಿಯ ಗಾಳಿಗುಳ್ಳೆಗಳು ಅದರಿಂದ ಸಲೀಸಾಗಿ ಬಿಡುತ್ತವೆ ನಿಜ, ಆದರೆ ಪಾಲಿಪ್ರೊಪಿಲಿನ್ ತಾನಾಗಿ ನೀರನ್ನು ದೂರವಿಡುವ ಗುಣವೂ ಅದರೊಂದಿಗೇ ಹೋಗಿ, ನೀರು ಇನ್ನೂ ಬೇಗ ಮೇಲೆ ಹರಡುತ್ತದೆ. ಕೊನೆಗೆ ಫಲಿಸಿದ ಉಪಾಯ ಬಹಳ ಸಾದಾ. ಇಸ್ತ್ರಿ ಅಂಗಡಿಯವರು ಸೀರೆಗೆ ಹೊದಿಸಿ ಕೊಡುವಂಥ ತೆಳು ಪಾಲಿಥೀನನ್ನು ನೀರಿನ ಮೇಲೆ ಸಡಿಲವಾಗಿ, ನಿರಿಗೆ ಬಿಟ್ಟು ಹಾಸಿ, ಅದರ ಅಂಚುಗಳನ್ನು ತೊಟ್ಟಿಯ ಗೋಡೆಗಳ ಮೇಲಿಂದ ಹೊರಕ್ಕೆ ಇಳಿಬಿಟ್ಟು, ಆ ಪಾಲಿಥೀನಿನ ಮಡಿಲಿನಲ್ಲಿ ಹಾಳೆಯನ್ನು ಮಲಗಿಸಿದೆವು. ನೀರು ಪಾಲಿಥೀನಿನ ಅಡಿಯಲ್ಲೇ ಉಳಿಯುತ್ತದೆ, ಒತ್ತು ಮಾತ್ರ ಹಾಳೆಗೆ ತಲುಪುತ್ತದೆ. ಹಾಳೆಗೂ ಗೋಡೆಗೂ ನಡುವೆ ಎರಡೂ ಬದಿಯಲ್ಲಿ ಒಂದೂವರೆ ಸೆಂಟಿಮೀಟರ್ ಬಿಟ್ಟದ್ದರಿಂದ ನಿರಿಗೆಗಳು ಅಲ್ಲಿ ಕೂರುತ್ತವೆ, ಎಳೆಯುವುದಿಲ್ಲ. ಗುಳ್ಳೆಗಳನ್ನು ಗಾಜಿನ ಬದಿಯಿಂದ ನೋಡುತ್ತ ಅಂಗೈಯಿಂದ ತುದಿಯ ಕಡೆಗೆ ಸವರಿ ಹೊರಗೆ ಹಾಕಬೇಕು. ಚಪಾತಿಯಷ್ಟು ಅಗಲದ ಗುಳ್ಳೆಯೊಂದು ಉಳಿದರೂ ಅಲ್ಲಿ ಸುಳ್ಳು ಉಬ್ಬು ಕಾಣುತ್ತದೆ.

ಹಾಳೆ ಒಟ್ಟು 1.5 ಮೀಟರ್: 30 ಸೆಂಟಿಮೀಟರ್ ಕಲ್ಲಿನ ಮೇಲೆ, ಉಳಿದ 1.2 ಮೀಟರ್ ನೀರಿನ ಮೇಲೆ. ಕಲ್ಲಿನ ಮೇಲಿನ ಭಾಗದ ಮೇಲೆ ಇನ್ನೊಂದು ಪರಸಿಯನ್ನು ಹೇರಿ ಎರಡು ಸಿ-ಕ್ಲಾಂಪುಗಳಿಂದ ಬಿಗಿದೆವು. ಮೇಲಿನ ಕಲ್ಲಿನ ಅಂಚೂ ಕೆಳಗಿನ ದಿಬ್ಬದ ಅಂಚೂ ಒಂದೇ ನೇರಕ್ಕೆ ಬರಬೇಕು, ಇಲ್ಲವಾದರೆ ಬಾಗು ಎಲ್ಲಿಂದ ಆರಂಭವಾಯಿತೆಂಬುದೇ ಗೊಂದಲವಾಗುತ್ತದೆ.

ಅಳೆಯುವುದು

ಉಬ್ಬರವೆಂದರೆ ಇಲ್ಲಿ ಅಳತೆಯ ಜಗ್ಗಿನಿಂದ ಸುರಿಯುವ ನೀರು. ನೀರಿರುವ ಭಾಗದ ವಿಸ್ತೀರ್ಣ 0.54 ಚದರ ಮೀಟರ್ ಆದ್ದರಿಂದ ಒಂದು ಲೀಟರಿಗೆ ಮಟ್ಟ ಸುಮಾರು 1.85 ಮಿಲಿಮೀಟರ್ ಏರುತ್ತದೆ. ಸುಮಾರು ಎಂದರೆ ಸಾಲದು. ತೊಟ್ಟಿಯ ತಳದಿಂದ ಸಣ್ಣ ಪೈಪೊಂದನ್ನು ಹೊರಗೆ ತಂದು ಅಗಲ ಬಾಯಿಯ ಪ್ಲಾಸ್ಟಿಕ್ ಡಬ್ಬಿಗೆ ಜೋಡಿಸಿ, ಆ ಡಬ್ಬಿಯ ಮೇಲೆ ಪ್ರಯೋಗಾಲಯದ ಸ್ಫೆರೋಮೀಟರನ್ನು ಕೂರಿಸಿದೆವು. ಮಸೂರದ ವಕ್ರತೆಯನ್ನು ಅಳೆಯಲು ವಿದ್ಯಾರ್ಥಿಗಳು ಬಳಸುವ ಈ ಉಪಕರಣ 0.01 ಮಿಲಿಮೀಟರನ್ನು ಓದುತ್ತದೆ. ಅದರ ನಡುವಿನ ಮೊನೆಯನ್ನು ತಿರುಗಿಸಿ ಇಳಿಸುತ್ತ ಹೋದರೆ, ನೀರಿನಲ್ಲಿ ಕಾಣುವ ತನ್ನದೇ ಪ್ರತಿಬಿಂಬವನ್ನು ಅದು ಮುಟ್ಟಿದ ಕ್ಷಣ ನೀರು ಮೊನೆಗೆ ಚಟಕ್ಕನೆ ಅಂಟಿಕೊಳ್ಳುತ್ತದೆ. ಅದೇ ಮಟ್ಟ. ಬೇಸಿಗೆಯಲ್ಲಿ ಇದು ಅತ್ಯಗತ್ಯ, ಏಕೆಂದರೆ ಪಡಸಾಲೆಯ ಬಿಸಿಗಾಳಿಗೆ ನೀರಿನ ಮಟ್ಟ ಕಣ್ಣಿಗೆ ಕಾಣದಂತೆ ಇಳಿಯುತ್ತಲೇ ಇರುತ್ತದೆ. ಆದ್ದರಿಂದ ಪ್ರತಿ ಅಳತೆಯ ಆರಂಭದಲ್ಲೂ ಕೊನೆಯಲ್ಲೂ ಮಟ್ಟವನ್ನು ಓದಿ, ನಡುವಿನ ಇಳಿತವನ್ನು ಸಮಯಕ್ಕೆ ತಕ್ಕಂತೆ ಹಂಚಿ ತಿದ್ದುತ್ತೇವೆ.

ಹಾಳೆಯ ಎತ್ತರವನ್ನು ಅಳೆಯಲು ಲೇತ್ ಅಂಗಡಿಯಲ್ಲಿ ಸಿಗುವ ಡಯಲ್ ಗೇಜ್ ಮೊದಲು ನೆನಪಾಗುವುದು ಸಹಜ. ಅದು ಇಲ್ಲಿ ನಡೆಯುವುದಿಲ್ಲ. ಅದರ ಮೊನೆಯ ಸ್ಪ್ರಿಂಗ್ ಒಂದು ನ್ಯೂಟನ್ನಿನಷ್ಟು ಒತ್ತಿದರೂ ನಮ್ಮ ಹಾಳೆ ಅಲ್ಲಿ ಸುಮಾರು 0.9 ಮಿಲಿಮೀಟರ್ ಕುಸಿಯುತ್ತದೆಂದು ಲೆಕ್ಕ ಹೇಳುತ್ತದೆ. ಅಳೆಯಹೊರಟ ಶೇಕಡ 4ರ ಉಬ್ಬು ಇರುವುದೇ 0.35 ಮಿಲಿಮೀಟರ್. ಮುಟ್ಟದೆ ಅಳೆಯಬೇಕು. ಆದ್ದರಿಂದ ಸ್ಲೈಡಿಂಗ್ ಕಿಟಕಿಯ ಅಲ್ಯೂಮಿನಿಯಂ ಸೆಕ್ಷನ್ನನ್ನು ತೊಟ್ಟಿಯ ಒಂದು ಬದಿಗೆ ಉದ್ದಕ್ಕೂ ಕಂಬಿಯಂತೆ ಕೂರಿಸಿ, ಅದರ ಮೇಲೆ ಜಾರುವ ಮರದ ತುಂಡಿಗೆ ಲೇಸರ್ ಪಾಯಿಂಟರನ್ನು ಹಾಳೆಯ ಮೇಲ್ಮೈಗೆ 10 ಡಿಗ್ರಿ ಓರೆಯಲ್ಲಿ, ಅಗಲದ ದಿಕ್ಕಿಗೆ ಬೀಳುವಂತೆ ಕಟ್ಟಿದೆವು. ಹಾಳೆ 1 ಮಿಲಿಮೀಟರ್ ಏರಿದರೆ ಬೆಳಕಿನ ಚುಕ್ಕೆ 5.7 ಮಿಲಿಮೀಟರ್ ಪಕ್ಕಕ್ಕೆ ಸರಿಯುತ್ತದೆ. ಹಾಳೆಯ ಹೊಳಪನ್ನು ಮೊದಲೇ ಪಾಲಿಶ್ ಪೇಪರಿನಿಂದ ಉಜ್ಜಿ ತೆಗೆದು, ಸೀಸದ ಕಡ್ಡಿಯಿಂದ ಅಳತೆಗೆರೆಗಳನ್ನು ಎಳೆದದ್ದರಿಂದ, ಚುಕ್ಕೆಯ ಸ್ಥಾನವನ್ನು ಮೊಬೈಲ್ ಚಿತ್ರದಿಂದ ಅರ್ಧ ಮಿಲಿಮೀಟರಿನವರೆಗೆ ಓದಬಹುದು. ಎತ್ತರಕ್ಕೆ ತಿರುಗಿಸಿದರೆ ಅದು 0.1 ಮಿಲಿಮೀಟರಿಗಿಂತ ಒಳಗೇ ಬರುತ್ತದೆ.

ಕಂಬಿ ನೇರವಾಗಿಲ್ಲ, ಹಾಳೆಯೂ ಪೂರ್ತಿ ಚಪ್ಪಟೆಯಲ್ಲ. ಇವೆರಡನ್ನೂ ಸರಿಪಡಿಸಲು ಹೋಗಲಿಲ್ಲ, ಬೇಕಾಗಿಯೂ ಇಲ್ಲ. ಇಳಿತದ ಮಟ್ಟದಲ್ಲಿ ಒಮ್ಮೆ, 8 ಮಿಲಿಮೀಟರ್ ಏರಿಸಿ ಇನ್ನೊಮ್ಮೆ, ಅದೇ ಸ್ಥಾನಗಳಲ್ಲಿ ಅಳೆದು ಕಳೆದರೆ ಕಂಬಿಯ ಡೊಂಕು ಹಾಳೆಯ ಡೊಂಕಿನೊಂದಿಗೇ ಬಿದ್ದುಹೋಗುತ್ತದೆ, ಉಳಿಯುವುದು ಉಬ್ಬರದ ಬಾಗು ಮಾತ್ರ. 2006ರಲ್ಲಿ ಹೆಲೆನ್ ಫ್ರಿಕರ್ ಮತ್ತು ಲಾರಿ ಪ್ಯಾಡ್‌ಮನ್ ಅವರು ಐಸ್‌ಸ್ಯಾಟ್ ಉಪಗ್ರಹದ ಲೇಸರ್ ಅಳತೆಗಳನ್ನು ಬಳಸಿ ಇನ್‌ಸ್ಟಿಟ್ಯೂಟ್ ಐಸ್ ಸ್ಟ್ರೀಮ್ ಎಂಬ ವೇಗದ ಹಿಮಪ್ರವಾಹದಲ್ಲಿ ಮಾಡಿ ತೋರಿಸಿದ್ದು ಇದನ್ನೇ: ಒಂದೇ ದಾರಿಯ ಮೇಲೆ ಬೇರೆ ಬೇರೆ ಉಬ್ಬರಗಳಲ್ಲಿ ಹಾದುಹೋದ ಉಪಗ್ರಹದ ಎತ್ತರರೇಖೆಗಳನ್ನು ಅವುಗಳ ಸರಾಸರಿಯಿಂದ ಕಳೆದರೆ, ಒಳನಾಡಿನಲ್ಲಿ ಒಂದರ ಮೇಲೊಂದು ಬಿದ್ದ ರೇಖೆಗಳು ಎಫ್ ದಾಟಿದೊಡನೆ ಬೀಸಣಿಗೆಯಂತೆ ಬಿಚ್ಚಿಕೊಳ್ಳುತ್ತವೆ.

ನಮ್ಮ ತೊಟ್ಟಿಯಲ್ಲಿ ಮುಂಜಾನೆಯ ಅಳತೆಗಳಲ್ಲಿ ಹಾಳೆ ಉಬ್ಬರವನ್ನು ಮುಟ್ಟಿದ್ದು 33 ಸೆಂಟಿಮೀಟರಿನ ಆಸುಪಾಸಿನಲ್ಲಿ. ಲೆಕ್ಕದ 34ಕ್ಕೆ ಇದು ಚೆನ್ನಾಗಿಯೇ ಹೊಂದುತ್ತದೆ. ಮಧ್ಯಾಹ್ನ ಅದೇ ಹಾಳೆ, ಅದೇ ನೀರು, ಅದೇ ಉಬ್ಬರ, ಆದರೆ ದೂರ 30-31ಕ್ಕೆ ಇಳಿಯಿತು. ನೀರು ಆವಿಯಾದದ್ದನ್ನು ತಿದ್ದಿದ ಮೇಲೂ ವ್ಯತ್ಯಾಸ ಉಳಿಯಿತು. ಕಾರಣ ಪ್ಲಾಸ್ಟಿಕ್. 40 ಡಿಗ್ರಿಯ ಸೆಕೆಯಲ್ಲಿ ಪಾಲಿಪ್ರೊಪಿಲಿನ್ ಮೆತ್ತಗಾಗುತ್ತದೆ, ಯಂಗ್ ಗುಣಾಂಕ ಇಳಿಯುತ್ತದೆ, ಬಾಗು ಇನ್ನೂ ಕಡಿಮೆ ದೂರದಲ್ಲಿ ಮುಗಿಯುತ್ತದೆ. ದೂರ ಹತ್ತರಲ್ಲೊಂದು ಭಾಗ ಕುಗ್ಗಬೇಕಾದರೆ ಗುಣಾಂಕ ಮೂರರಲ್ಲೊಂದು ಭಾಗಕ್ಕಿಂತ ಹೆಚ್ಚೇ ಕುಸಿದಿರಬೇಕು, ಏಕೆಂದರೆ ದೂರ ಹೋಗುವುದು ಗುಣಾಂಕದ ನಾಲ್ಕನೆಯ ಮೂಲದಂತೆ.

ಈ ನಾಲ್ಕನೆಯ ಮೂಲ ಎರಡು ಅಲಗಿನ ಕತ್ತಿ. ಗೆರೆ ಎಲ್ಲಿದೆ ಎಂದು ಹುಡುಕುವವನಿಗೆ ಅದು ಅನುಕೂಲ: ಹಿಮದ ಬಿಗಿತವನ್ನು ತಪ್ಪಾಗಿ ಊಹಿಸಿದರೂ ಪಟ್ಟಿಯ ಅಗಲ ಹೆಚ್ಚು ಕೆಡುವುದಿಲ್ಲ. ಆದರೆ ಪಟ್ಟಿಯ ಅಗಲದಿಂದ ಹಿಮದ ಬಿಗಿತವನ್ನು ಕಂಡುಹಿಡಿಯಹೊರಟರೆ, ಅಗಲದ ಸಣ್ಣ ತಪ್ಪು ನಾಲ್ಕು ಪಟ್ಟಾಗಿ ಬಂದು ಕೂರುತ್ತದೆ. 1995ರಲ್ಲಿ ಡೇವಿಡ್ ವಾನ್ ಅವರು ಅನೇಕ ಹಿಮಚಾಚುಗಳ ಬಾಗನ್ನು ಒಟ್ಟುಗೂಡಿಸಿ ನೋಡಿ, ಅವೆಲ್ಲಕ್ಕೂ ಹೊಂದುವ ಯಂಗ್ ಗುಣಾಂಕ 0.88 ಗಿಗಾಪಾಸ್ಕಲ್ ಎಂದರು, ಅದರಲ್ಲೂ 0.35ರಷ್ಟು ಹಿಂದೆಮುಂದೆ ಆಗಬಹುದೆಂದು ಸೇರಿಸಿದರು. ಪ್ರಯೋಗಾಲಯದಲ್ಲಿ ಹಿಮದ ತುಂಡಿನ ಗುಣಾಂಕವನ್ನು ವೇಗವಾಗಿ ಅಳೆದರೆ 9 ಗಿಗಾಪಾಸ್ಕಲಿನ ಹತ್ತಿರ ಬರುತ್ತದೆ. ಹತ್ತು ಪಟ್ಟಿನ ಈ ಅಂತರಕ್ಕೆ ಹಿಮದ ಬಿರುಕುಗಳೂ, ಉಬ್ಬರದಂಥ ಗಂಟೆಗಟ್ಟಲೆಯ ಒತ್ತಿಗೆ ಹಿಮ ನಿಧಾನವಾಗಿ ಹರಿಯುವ ಗುಣವೂ ಕಾರಣವೆನ್ನುತ್ತಾರೆ. ನಮ್ಮ ಹಾಳೆಯೂ ಉಬ್ಬರದಲ್ಲಿ ಬಹಳ ಹೊತ್ತು ಬಿಟ್ಟರೆ ಅದೇ ಬಾಗಿಗೆ ಒಗ್ಗಿಕೊಳ್ಳುತ್ತದೆ. ಆದ್ದರಿಂದ ಎರಡು ಅಳತೆಗಳ ನಡುವೆ ನೀರನ್ನು ಇಳಿಸಿ ಅದಕ್ಕೆ ವಿಶ್ರಾಂತಿ ಕೊಡುವುದು ಈಗ ನಿಯಮವಾಗಿದೆ.

ಪಟ್ಟೆಗಳು

ಲೇಸರ್ ಒಂದು ಸಾಲನ್ನು ಮಾತ್ರ ಅಳೆಯುತ್ತದೆ. ಇಡೀ ಮೇಲ್ಮೈಯನ್ನು ಒಂದೇ ಏಟಿಗೆ ತೋರಿಸುವುದು ರಾಡಾರ್ ವ್ಯತಿಕರಣದ, ಅಂದರೆ ಎರಡು ಹೊತ್ತಿನ ರಾಡಾರ್ ಅಲೆಗಳನ್ನು ಹೋಲಿಸಿ ಮೇಲ್ಮೈಯ ಸರಿತವನ್ನು ಪಟ್ಟೆಗಳಾಗಿ ಕಾಣುವ ವಿಧಾನ, ಮತ್ತು ಅದಕ್ಕೆ ತೊಟ್ಟಿಯಲ್ಲಿ ಒಂದು ಅಗ್ಗದ ಪ್ರತಿರೂಪವಿದೆ. ಆಫ್‌ಸೆಟ್ ಮುದ್ರಣದವರು ತೆಗೆದುಕೊಡುವ ಪಾರದರ್ಶಕ ಫಿಲ್ಮಿನ ಮೇಲೆ ಅರ್ಧ ಮಿಲಿಮೀಟರ್ ಕಪ್ಪು, ಅರ್ಧ ಮಿಲಿಮೀಟರ್ ಖಾಲಿ, ಹೀಗೆ ಸಮಾಂತರ ಗೆರೆಗಳನ್ನು ಮಾಡಿಸಿ, ಎರಡು ಗಾಜುಗಳ ನಡುವೆ ಇಟ್ಟು, ಹಾಳೆಯಿಂದ 12 ಮಿಲಿಮೀಟರ್ ಮೇಲೆ ತೊಟ್ಟಿಯ ಅಂಚುಗಳ ಮೇಲೆ ಕೂರಿಸಿದೆವು. ಓರೆಯಾಗಿ ಬೀಳುವ ಬೆಳಕಿನಲ್ಲಿ ಗೆರೆಗಳ ನೆರಳು ಹಾಳೆಯ ಮೇಲೆ ಬೀಳುತ್ತದೆ. ಮೇಲಿನಿಂದ ಅದೇ ಗೆರೆಗಳ ಮೂಲಕ ಆ ನೆರಳನ್ನು ನೋಡಿದರೆ ಅಗಲವಾದ ಕಪ್ಪು-ಬಿಳಿ ಪಟ್ಟೆಗಳು ಏಳುತ್ತವೆ. ಒಂದೊಂದು ಪಟ್ಟೆಯೂ ಒಂದೇ ಎತ್ತರದ ಬಿಂದುಗಳನ್ನು ಜೋಡಿಸುವ ಗೆರೆ. ಬೆಳಕು 45 ಡಿಗ್ರಿಯಲ್ಲಿ ಬಿದ್ದು, ಕ್ಯಾಮೆರಾ ನೇರ ಮೇಲಿದ್ದರೆ ಪಕ್ಕಪಕ್ಕದ ಎರಡು ಪಟ್ಟೆಗಳ ಎತ್ತರದ ವ್ಯತ್ಯಾಸ ಗೆರೆಗಳ ಅಂತರದಷ್ಟೇ, ಅಂದರೆ 1 ಮಿಲಿಮೀಟರ್.

ಸಮಾಂತರ ಕಿರಣಗಳಿಗೆ ಸೂರ್ಯನಿಗಿಂತ ಉತ್ತಮ ದೀಪ ಯಾವುದು? ಏಪ್ರಿಲ್ ಮಧ್ಯದಲ್ಲಿ ಇಲ್ಲಿ ಸೂರ್ಯ 45 ಡಿಗ್ರಿಗೆ ಏರುವುದು ಬೆಳಿಗ್ಗೆ ಒಂಬತ್ತೂಕಾಲು ದಾಟಿದ ಮೇಲೆ, ಪೂರ್ವ ದಿಕ್ಕಿನಲ್ಲಿ. ತೊಟ್ಟಿ ಉತ್ತರ-ದಕ್ಷಿಣವಾಗಿದ್ದು, ಗೆರೆಗಳು ಉದ್ದಕ್ಕೆ ಇದ್ದರೆ ಎಲ್ಲವೂ ಕೂಡಿಬರುತ್ತದೆ. ಇಳಿತದಲ್ಲಿ ಹಾಳೆಯ ಸಹಜ ಡೊಂಕಿನ ಒಂದೆರಡು ಅಡ್ಡಾದಿಡ್ಡಿ ಪಟ್ಟೆಗಳು ಕಾಣುತ್ತವೆ. ಜಗ್ಗಿನಿಂದ ನೀರು ಸುರಿಯುತ್ತ ಹೋದಂತೆ ಕಲ್ಲಿನ ಅಂಚಿನ ಹತ್ತಿರ ಪಟ್ಟೆಗಳು ಒಂದೊಂದಾಗಿ ಹುಟ್ಟಿ, ಅಂಚಿಗೆ ಸಮಾಂತರವಾಗಿ ಸಾಲುಗಟ್ಟಿ ನಿಲ್ಲುತ್ತವೆ; 8 ಮಿಲಿಮೀಟರ್ ಮುಗಿದಾಗ ಎಂಟು ಪಟ್ಟೆಗಳು ಮೂವತ್ತು ಚಿಲ್ಲರೆ ಸೆಂಟಿಮೀಟರಿನೊಳಗೆ ಒತ್ತಾಗಿ ಕೂಡಿರುತ್ತವೆ, ಅದರಾಚೆ ಬಯಲು. ಪಟ್ಟೆಗಳ ಆ ದಟ್ಟ ಪಟ್ಟಿಯ ಒಳ ಅಂಚೇ ನಕಾಶೆಯ ಗೆರೆ.

ಉಪಗ್ರಹದಲ್ಲಿ ಗೆರೆಗಳ ಫಿಲ್ಮಿನ ಕೆಲಸವನ್ನು ರಾಡಾರ್ ಅಲೆಯ ಉದ್ದ ಮಾಡುತ್ತದೆ. ಸೆಂಟಿನೆಲ್-1 ಎಂಬ ರಾಡಾರ್ ಉಪಗ್ರಹದ ಅಲೆಯುದ್ದ 5.5 ಸೆಂಟಿಮೀಟರ್, ಮೇಲ್ಮೈ ಉಪಗ್ರಹದ ಕಡೆಗೆ ಅದರ ಅರ್ಧ, ಅಂದರೆ 2.8 ಸೆಂಟಿಮೀಟರ್, ಸರಿದರೆ ಒಂದು ಪಟ್ಟೆ. ಆದರೆ ಅಲ್ಲಿ ಹಿಮ ಕಡಲಿನ ಕಡೆಗೂ ಹರಿಯುತ್ತಿರುವುದರಿಂದ ಎರಡು ಚಿತ್ರಗಳ ವ್ಯತ್ಯಾಸದಲ್ಲಿ ಹರಿವೂ ಉಬ್ಬರವೂ ಬೆರೆತಿರುತ್ತವೆ. ಕನಿಷ್ಠ ಮೂರು ಚಿತ್ರಗಳಿಂದ ಎರಡು ವ್ಯತ್ಯಾಸಗಳನ್ನು ಮಾಡಿ, ಅವುಗಳನ್ನು ಮತ್ತೆ ಪರಸ್ಪರ ಕಳೆದರೆ, ಬದಲಾಗದ ಹರಿವು ಬಿದ್ದುಹೋಗಿ ಉಬ್ಬರದ ಬಾಗು ಉಳಿಯುತ್ತದೆ. 1993ರಲ್ಲಿ ಗೋಲ್ಡ್‌ಸ್ಟೀನ್ ಮತ್ತು ಸಂಗಡಿಗರು ರಟ್‌ಫರ್ಡ್ ಐಸ್ ಸ್ಟ್ರೀಮಿನಲ್ಲಿ ರಾಡಾರ್ ವ್ಯತಿಕರಣದಿಂದ ನೆಲ ಬಿಡುವ ಗೆರೆ ಕಾಣುತ್ತದೆಂದು ತೋರಿಸಿದರು. 2011ರಲ್ಲಿ ಎರಿಕ್ ರಿನ್ಯೊ ತಂಡ ಎರಡು ಬಾರಿ ಕಳೆಯುವ ವಿಧಾನದಿಂದ ಅಂಟಾರ್ಕ್ಟಿಕದ ಸುತ್ತಲಿನ ಗೆರೆಯ ನಕಾಶೆಯನ್ನು ಪ್ರಕಟಿಸಿತು. ಹಳೆಯ ಮತ್ತು ಹೊಸ ಗೆರೆಗಳನ್ನು ಒಂದರ ಮೇಲೊಂದು ಇಟ್ಟಾಗ ಪೈನ್ ಐಲ್ಯಾಂಡ್ ಹಿಮನದಿಯ ನಡುಭಾಗದಲ್ಲಿ 1992ರಿಂದ 2011ರ ನಡುವೆ ಗೆರೆ 31 ಕಿಲೋಮೀಟರ್ ಹಿಂದಕ್ಕೆ ಸರಿದದ್ದು ಗೊತ್ತಾಯಿತು. ನಕಾಶೆಗೆ ಬೆಲೆ ಬರುವುದು ಇಲ್ಲಿ: ಗೆರೆ ದಾಟಿದ ಹಿಮ ಕಡಲಿಗೆ ಸೇರಿದ ಹಿಮ.

ಈ ವಿಧಾನದ ಒಂದು ಕೊರತೆಯನ್ನು ತೊಟ್ಟಿ ಚೆನ್ನಾಗಿ ತೋರಿಸುತ್ತದೆ. ಎರಡು ಚಿತ್ರಗಳನ್ನು ತೆಗೆಯುವಾಗ ನೀರಿನ ಮಟ್ಟ ಒಂದೇ ಆಗಿದ್ದರೆ ವ್ಯತ್ಯಾಸದಲ್ಲಿ ಏನೂ ಕಾಣುವುದಿಲ್ಲ, ಹಾಳೆಯೆಲ್ಲ ಕಲ್ಲಿಗೇ ಅಂಟಿದಂತೆ ಭಾಸವಾಗುತ್ತದೆ. ಉಪಗ್ರಹ ಹನ್ನೆರಡು ದಿನಕ್ಕೊಮ್ಮೆ ಬರುವಾಗ ಉಬ್ಬರಗಳು ಹೀಗೆ ಕೂಡಿಬರುವ ಸಂಭವ ಇದ್ದೇ ಇರುತ್ತದೆ. ಅಲ್ಲದೆ ಆ ಹನ್ನೆರಡು ದಿನಗಳಲ್ಲಿ ಹಿಮ ಬಿದ್ದು, ಗಾಳಿ ಬೀಸಿ, ವೇಗದ ಹಿಮನದಿ ಚಹರೆ ಬದಲಿಸಿಕೊಂಡರೆ ಪಟ್ಟೆಗಳು ಕದಡಿಹೋಗುತ್ತವೆ. 2025ರ ಜುಲೈ 30ರಂದು ಶ್ರೀಹರಿಕೋಟದಿಂದ ಹಾರಿದ, ಇಸ್ರೋ ಮತ್ತು ನಾಸಾ ಜಂಟಿಯಾಗಿ ಮಾಡಿದ ನಿಸಾರ್ ಉಪಗ್ರಹದ ಅಂತರವೂ ಹನ್ನೆರಡು ದಿನವೇ. ಆದರೆ ಅದರ ಎಲ್-ಬ್ಯಾಂಡ್ ಅಲೆ 24 ಸೆಂಟಿಮೀಟರ್ ಉದ್ದದ್ದು, ಸಣ್ಣಪುಟ್ಟ ಬದಲಾವಣೆಗೆ ಅಷ್ಟು ಬೇಗ ಕದಡುವುದಿಲ್ಲ. ಪಟ್ಟೆಗಳು ವಿರಳವಾಗುತ್ತವೆ ಎಂಬುದು ಅದಕ್ಕೆ ತೆರುವ ಬೆಲೆ.

ವಿದ್ಯಾರ್ಥಿಗಳಿಗೆ ಹೆಚ್ಚು ಹಿಡಿಸಿದ ಪ್ರಯೋಗ ಬೇರೆ. ಹಾಳೆಯ ಅಡಿಯಲ್ಲಿ ಎಲ್ಲೋ ಒಂದು ಕಡೆ ಕಲ್ಲಿನ ಕಂಬವನ್ನು ನೀರಿನ ಮಟ್ಟದವರೆಗೆ ನಿಲ್ಲಿಸಿ, ಎರಡೂ ಬದಿ ಅಂಟಿರುವ ಟೇಪಿನಿಂದ ಪಾಲಿಥೀನನ್ನು ಕಂಬಕ್ಕೂ ಹಾಳೆಗೂ ಅಂಟಿಸಿಟ್ಟರೆ, ಇಳಿತದಲ್ಲಿ ಮೇಲಿನಿಂದ ಏನೂ ತಿಳಿಯುವುದಿಲ್ಲ. ನೀರು ಏರಿದೊಡನೆ ಅದರ ಸುತ್ತ ಪಟ್ಟೆಗಳು ಉಂಗುರಗಳಾಗಿ ಮೂಡಿ ಕಂಬದ ಜಾಗವನ್ನು ಬಯಲುಮಾಡುತ್ತವೆ. ಹಿಮಚಾಚುಗಳ ನಡುವೆ ಕಡಲತಳದ ದಿಣ್ಣೆಯೊಂದು ಹಿಮವನ್ನು ಅಡಿಯಿಂದ ತಡೆದು ಹಿಡಿದಿರುವ ಆನಿಕೆಗಳು ರಾಡಾರ್ ಚಿತ್ರದಲ್ಲಿ ಸಿಕ್ಕಿಬೀಳುವುದು ಹೀಗೆಯೇ.

ಕ್ಲಾಂಪು ಬಿಚ್ಚಿ, ದಿಬ್ಬದ ಬದಲು 50ಕ್ಕೆ 1ರ ಇಳಿಜಾರಿನಲ್ಲಿ ಪರಸಿಯನ್ನು ಒರಗಿಸಿಟ್ಟು ಹಾಳೆಯನ್ನು ಸುಮ್ಮನೆ ಅದರ ಮೇಲೆ ಮಲಗಿಸಿದರೆ ಗೆರೆಯೇ ಓಡಾಡತೊಡಗುತ್ತದೆ. ನೀರು 5 ಮಿಲಿಮೀಟರ್ ಏರಿದರೆ ಹಾಳೆ ಕಲ್ಲನ್ನು ಬಿಡುವ ಜಾಗ ಸುಮಾರು 25 ಸೆಂಟಿಮೀಟರ್ ಹಿಂದಕ್ಕೆ ಹೋಗಬೇಕು. ಗಾಜಿನ ಬದಿಯಿಂದ ನೋಡಿದಾಗ ನೀರಿನ ತೆಳು ನಾಲಿಗೆ ಕಲ್ಲು ಮತ್ತು ಪಾಲಿಥೀನಿನ ನಡುವೆ ನುಗ್ಗುವುದು ಸ್ಪಷ್ಟವಾಗಿ ಕಾಣುತ್ತದೆ. ಥ್ವೇಟ್ಸ್ ಹಿಮನದಿಯಡಿಯಲ್ಲಿ ಉಬ್ಬರದೊಂದಿಗೆ ಕಡಲ ನೀರು ಹಲವು ಕಿಲೋಮೀಟರ್ ಒಳನುಗ್ಗಿ ಹಿಂದಿರುಗುತ್ತದೆಂದು 2024ರಲ್ಲಿ ಪ್ರಕಟವಾದ ಅಧ್ಯಯನ ಹೇಳಿದೆ. ಅದಕ್ಕೆ ಬಳಸಿದ್ದು 2023ರಲ್ಲಿ ಐಸ್‌ಐ ಉಪಗ್ರಹಗಳು ತೆಗೆದ ರಾಡಾರ್ ಚಿತ್ರಗಳನ್ನು.

ನಿವ್ಲಿಸೆನ್

ತೊಟ್ಟಿಯ ಲೇಸರ್ ಅಳತೆಗಳನ್ನು ಕಳೆಯಲು ಬರೆದ ಪೈಥಾನ್ ಪ್ರೋಗ್ರಾಮಿಗೆ ಈಗ ಐಸ್‌ಸ್ಯಾಟ್-2ರ ದತ್ತಾಂಶವನ್ನು ಉಣಿಸುತ್ತಿದ್ದೇವೆ. ಜಾಗವನ್ನು ಆರಿಸುವುದು ಕಷ್ಟವಾಗಲಿಲ್ಲ. 1983-84ರಲ್ಲಿ ಭಾರತ ಕಟ್ಟಿದ ಮೊದಲ ನೆಲೆ ದಕ್ಷಿಣ ಗಂಗೋತ್ರಿ ತೇಲುವ ಹಿಮಚಾಚಿನ ಮೇಲಿತ್ತು, ಹಿಮದಲ್ಲಿ ಹೂತು 1990ರಲ್ಲಿ ನಿವೃತ್ತವಾಯಿತು. 1989ರಲ್ಲಿ ಸಿದ್ಧವಾದ ಮೈತ್ರಿ ನಿಂತಿರುವುದು ಶಿರ್ಮಾಕರ್ ಓಯಸಿಸ್ಸಿನ ಬಂಡೆಯ ಮೇಲೆ. ನಿವ್ಲಿಸೆನ್ ಎಂಬ ಆ ಹಿಮಚಾಚು ನೆಲ ಬಿಡುವ ಗೆರೆ ಈ ಎರಡರ ನಡುವೆ ಹಾಯುತ್ತದೆ.

2018ರ ಸೆಪ್ಟೆಂಬರಿನಲ್ಲಿ ಹಾರಿದ ಐಸ್‌ಸ್ಯಾಟ್-2 ಉಪಗ್ರಹ ಸೆಕೆಂಡಿಗೆ 10,000 ಬಾರಿ ಹಸಿರು ಬೆಳಕನ್ನು ಮಿಡಿಸುತ್ತ, ಮೂರು ಜೋಡಿ ಕಿರಣಗಳಲ್ಲಿ ಎತ್ತರವನ್ನು ಅಳೆಯುತ್ತದೆ. ಜೋಡಿಯಿಂದ ಜೋಡಿಗೆ 3.3 ಕಿಲೋಮೀಟರ್, ಜೋಡಿಯೊಳಗೆ 90 ಮೀಟರ್. ಅದು 91 ದಿನಕ್ಕೊಮ್ಮೆ ಅದೇ 1,387 ದಾರಿಗಳನ್ನು ಸುತ್ತಿಬರುತ್ತದೆ. 70 ಡಿಗ್ರಿ ದಕ್ಷಿಣದಲ್ಲಿ ಆ ದಾರಿಗಳ ನಡುವಿನ ಅಂತರ 10 ಕಿಲೋಮೀಟರಿನಷ್ಟಾಗುವುದರಿಂದ, ಜೋಡಿಗಳನ್ನೂ ಎಣಿಸಿದರೆ ಮೂರು ಚಿಲ್ಲರೆ ಕಿಲೋಮೀಟರಿಗೊಂದು ಸಾಲು ಸಿಗುತ್ತದೆ. 2019ರ ಏಪ್ರಿಲ್‌ಗಿಂತ ಮೊದಲಿನ ಸುತ್ತುಗಳನ್ನು ನಾವು ಬಿಟ್ಟಿದ್ದೇವೆ, ಆಗ ಕಿರಣಗಳು ಗೊತ್ತಾದ ದಾರಿಗಳ ಮೇಲೆ ಸರಿಯಾಗಿ ಬೀಳುತ್ತಿರಲಿಲ್ಲ. ಆಮೇಲಿನ ಸುತ್ತುಗಳೂ ಕೆಲವು ಮೀಟರ್ ಆಚೀಚೆ ಆಗುತ್ತವೆ. ಮೇಲ್ಮೈ ಅಡ್ಡಕ್ಕೆ ಓರೆಯಾಗಿದ್ದರೆ ಅಷ್ಟರಿಂದಲೇ ಸುಳ್ಳು ಏರಿಳಿತ ಬರುತ್ತದೆ, ಮತ್ತು ಆ ಅಡ್ಡ ಓರೆಯನ್ನು ತಿದ್ದಲೆಂದೇ ಪಕ್ಕದಲ್ಲಿ 90 ಮೀಟರಿನ ಜೋಡಿಕಿರಣ ಇರುವುದು. ತೊಟ್ಟಿಯ ಕಂಬಿಯಲ್ಲಿ ಈ ಕಷ್ಟವಿರಲಿಲ್ಲ.

ಎಟಿಎಲ್06 ಎಂಬ ಸಿದ್ಧ ಕಡತಗಳಲ್ಲಿ 20 ಮೀಟರಿಗೊಂದರಂತೆ ಎತ್ತರವಿದೆ. ಅದರಲ್ಲಿ ಕಡಲ ಉಬ್ಬರವನ್ನು ಕಳೆದಿರುವುದಿಲ್ಲ. ನಮಗೆ ಬೇಕಾದದ್ದೇ ಅದು. ಆದರೆ ಉಬ್ಬರದ ನೀರಿನ ಭಾರಕ್ಕೆ ಭೂಮಿ ತಗ್ಗುವ ಸಣ್ಣ ಪ್ರಮಾಣವನ್ನು ಮಾತ್ರ ಕಳೆದಿರುತ್ತಾರೆ, ಅದನ್ನು ಮರಳಿ ಸೇರಿಸಬೇಕು. ಪ್ರತಿ ಸುತ್ತಿನ ಹೊತ್ತಿಗೆ ಉಬ್ಬರ ಎಷ್ಟಿತ್ತೆಂದು ಕ್ಯಾಟ್ಸ್2008 ಮಾದರಿಯಿಂದ ಲೆಕ್ಕ ಹಾಕಿ, ಗಾಳಿಯ ಒತ್ತಡ ಒಂದು ಹೆಕ್ಟೋಪಾಸ್ಕಲ್ ಏರಿದರೆ ಕಡಲು ಒಂದು ಸೆಂಟಿಮೀಟರ್ ತಗ್ಗುತ್ತದೆಂಬುದನ್ನೂ ಸೇರಿಸಿ, ತೇಲುವ ಭಾಗದ ರೇಖೆಗಳು ಆ ಕ್ರಮದಲ್ಲೇ ಮೇಲೆ-ಕೆಳಗೆ ಬಂದಿವೆಯೇ ಎಂದು ನೋಡುವುದು ಅತ್ಯುತ್ತಮ ಪರೀಕ್ಷೆ. ಮೋಡದ ದಿನಗಳ ರೇಖೆಗಳು ಈ ಪರೀಕ್ಷೆಯಲ್ಲೇ ಉದುರಿಹೋಗುತ್ತವೆ. ಪೂರ್ತಿ ಗೆರೆ ಇನ್ನೂ ಎಳೆದಿಲ್ಲ. ಒಂದೊಂದು ಸಾಲಿಗೂ ಎಫ್ ಮತ್ತು ಎಚ್ ಬಿಂದುಗಳನ್ನು ಇಬ್ಬರು ವಿದ್ಯಾರ್ಥಿಗಳು ಬೇರೆ ಬೇರೆಯಾಗಿ ಗುರುತಿಸಿ, ಅವು ಹೊಂದಿದ ಕಡೆ ಮಾತ್ರ ನಕಾಶೆಗೆ ಏರಿಸುವ ಪದ್ಧತಿ ಇಟ್ಟುಕೊಂಡಿದ್ದೇವೆ.

ತೊಟ್ಟಿಯನ್ನು ಸದ್ಯ ಬರಿದು ಮಾಡಿದ್ದೇವೆ. ಬೋರ್‌ವೆಲ್ಲಿನ ಗಡಸು ನೀರು ಗಾಜಿನ ಒಳಮೈಗೆ ಬಿಳಿ ಪದರವನ್ನು ಕಟ್ಟಿದೆ, ಅದನ್ನು ಲಿಂಬೆಹುಳಿಯಿಂದ ತೊಳೆದು, ಒಂದು ಮೂಲೆಯಲ್ಲಿ ಬಿಟ್ಟಿರುವ ಸಿಲಿಕೋನನ್ನು ಕೆರೆದು ಹೊಸದಾಗಿ ಎಳೆಯಬೇಕು. ಮುಂದಿನ ಹಾಳೆ 3 ಮಿಲಿಮೀಟರ್ ದಪ್ಪದ್ದು. ಅದಕ್ಕೆ ಲೆಕ್ಕ ಹೇಳುವ ದೂರ 46 ಸೆಂಟಿಮೀಟರ್, ಉಬ್ಬಿನ ನೆತ್ತಿ 61ರಲ್ಲಿ. ಈ ಸಲ ಹಾಳೆಯ ಉಷ್ಣತೆಯನ್ನೂ ಪ್ರತಿ ಅಳತೆಯ ಪಕ್ಕದಲ್ಲಿ ಬರೆದಿಡುತ್ತೇವೆ.